ಗಲ್ಲಾಪೆಟ್ಟಿಗೆಗೆ ಬಂದದ್ದೆಷ್ಟು? ಮುಂಬಯಿ ಪಾಲಿಕೆಯ ಬಜೆಟ್ ಓದುವ ಬಗೆ

2025ರ ಫೆಬ್ರವರಿ 4ರಂದು ಬೃಹನ್ಮುಂಬಯಿ ಮಹಾನಗರ ಪಾಲಿಕೆಯ 2025-26ರ ಬಜೆಟ್ ಹೊರಬಿತ್ತು. ಮೊತ್ತ 74,427 ಕೋಟಿ ರೂಪಾಯಿ, ಅಂದರೆ ಇಡೀ ಗೋವಾ ರಾಜ್ಯದ ಬಜೆಟ್ಟಿನ ಎರಡು ಪಟ್ಟಿಗೂ ಮಿಕ್ಕಿದ್ದು. ಮರುದಿನ ಬೆಳಿಗ್ಗೆ ಘಾಟ್ಕೋಪರದ ಸೋದರಮಾವನ ಹೋಟೆಲಿಗೆ ಹೋದಾಗ ಅವರು ಕನ್ನಡ ಪೇಪರನ್ನು ಗಲ್ಲಾದ ಮೇಲೆ ಹರಡಿ, ಕನ್ನಡಕವನ್ನು ಹಣೆಗೇರಿಸಿ ಕೂತಿದ್ದರು. ನನ್ನನ್ನು ನೋಡಿದ್ದೇ ಕೇಳಿದರು, "ಇಷ್ಟು ಕೋಟಿ ಅಂತ ಬರೆದಿದ್ದಾರೆ ಮಾರಾಯ. ಇದರಲ್ಲಿ ಗಲ್ಲಾಪೆಟ್ಟಿಗೆಗೆ ಬೀಳುವುದೆಷ್ಟು? ಬರಬಹುದು ಅಂತ ಬರೆದುಕೊಂಡದ್ದೆಷ್ಟು?"

ಹೋಟೆಲುಗಳ ಲೆಕ್ಕಪತ್ರ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಆದರೂ ಆ ಕ್ಷಣಕ್ಕೆ ಉತ್ತರ ತೋಚಲಿಲ್ಲ. ಬಜೆಟ್ ಎಂದರೆ ನಾವೆಲ್ಲ ನೋಡುವುದು ಒಟ್ಟು ಮೊತ್ತ, ಕಳೆದ ವರ್ಷಕ್ಕಿಂತ ಎಷ್ಟು ಏರಿತು, ಕೋಸ್ಟಲ್ ರೋಡಿಗೆಷ್ಟು, ನಾಲೆ ಹೂಳೆತ್ತಲು ಎಷ್ಟು ಎಂಬುದನ್ನು. ಮಾವ ಕೇಳಿದ್ದು ಇನ್ನೊಂದು ಬದಿಯ ಪ್ರಶ್ನೆ. ಅಮೆರಿಕದಲ್ಲಿ ಸುಂಕ ಏರಿದರೆ, ಗಲ್ಫ್‌ನಲ್ಲಿ ಬಾಂಬು ಬಿದ್ದರೆ, ರಿಸರ್ವ್ ಬ್ಯಾಂಕು ಬಡ್ಡಿ ಬದಲಿಸಿದರೆ ಮುಂಬಯಿಯ ಚರಂಡಿಗೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಶುರುಮಾಡಬೇಕಾದ್ದು ಅಲ್ಲಿಂದಲೇ.

ಆ ಬಜೆಟ್ಟಿನಲ್ಲಿ ಕಂದಾಯ ಆದಾಯದ, ಅಂದರೆ ತೆರಿಗೆ, ಶುಲ್ಕ, ಪರಿಹಾರ ಎಂದು ವರ್ಷದಲ್ಲಿ ಬರುವ ದುಡ್ಡಿನ, ಅಂದಾಜು ಸುಮಾರು 43,159 ಕೋಟಿ. ಇದರಲ್ಲಿ ಅತಿ ದೊಡ್ಡ ಬಾಬತ್ತು ಹಿಂದಿದ್ದ ಪುರಪ್ರವೇಶ ತೆರಿಗೆಯಾದ ಜಕಾತಿಯ ಬದಲಿಗೆ ರಾಜ್ಯ ಸರಕಾರ ಕೊಡುವ ಪರಿಹಾರ, ಸುಮಾರು 14,398 ಕೋಟಿ. ಮೂರರಲ್ಲಿ ಒಂದು ಪಾಲು ಅಲ್ಲಿಗೇ ಆಯಿತು. ಎರಡನೆಯದು ಕಟ್ಟಡ ಪರವಾನಗಿಯ ಜೊತೆ ಬಿಲ್ಡರುಗಳಿಂದ ಬರುವ ಪ್ರೀಮಿಯಂ ಮತ್ತು ಶುಲ್ಕ, ಸುಮಾರು 9,700 ಕೋಟಿ. ಯಾವುದೇ ಊರಿನ ಪಾಲಿಕೆಯ ಬೆನ್ನೆಲುಬು ಎನ್ನಬೇಕಾದ ಆಸ್ತಿ ತೆರಿಗೆಗೆ ಮೂರನೆಯ ಸ್ಥಾನ, ಸುಮಾರು 5,200 ಕೋಟಿ. ಈ ಮೂರೂ ಬೇರೆ ಬೇರೆ ಜಾತಿಯ ದುಡ್ಡು. ಒಂದು ಇನ್ನೊಬ್ಬರ ಕೈಯಿಂದ ಬರಬೇಕು, ಒಂದು ಪೇಟೆ ಬಿಸಿಯಾಗಿದ್ದರೆ ಮಾತ್ರ ಬರುತ್ತದೆ. ಮೂರನೆಯದನ್ನು ಪಾಲಿಕೆ ತಾನೇ ವಸೂಲಿ ಮಾಡಬಹುದು, ಆದರೆ ಕೇಳಲು ಹಿಂಜರಿಯುತ್ತದೆ.

ಮೊದಲನೆಯದರಿಂದ ಹಿಡಿಯೋಣ. ನನ್ನ ವಯಸ್ಸಿನವರಿಗೆ ಮುಲುಂಡ್ ನಾಕಾ ನೆನಪಿರಬಹುದು. ಠಾಣೆ ಕಡೆಯಿಂದ ಬಂದ ಲಾರಿಗಳ ಸಾಲು, ಕ್ಲೀನರು ಕೈಯಲ್ಲಿ ರಸೀದಿ ಹಿಡಿದು ಓಡುವುದು, ಡ್ರೈವರುಗಳು ಲಾರಿಯ ಅಡಿಗೇ ಮಲಗಿ ನಿದ್ದೆ ತೆಗೆಯುವುದು. ಊರೊಳಗೆ ಬರುವ ಸಾಮಾನಿನ ಬೆಲೆಯ ಮೇಲೆ ಜಕಾತಿ, ಅದೂ ಆವತ್ತಿಗಾವತ್ತೇ ನಗದು. ಮಾಹುಲಿನ ರಿಫೈನರಿಗಳಿಗೆ ಬರುವ ಕಚ್ಚಾ ತೈಲದ ಮೇಲಿನದು ಅದರಲ್ಲಿ ದೊಡ್ಡ ಪಾಲು. ಹಾಗಾಗಿ ತೈಲದ ಬೆಲೆ ಬಿದ್ದರೆ ಪಾಲಿಕೆಯ ಜೇಬೂ ಹಗುರಾಗುತ್ತಿತ್ತು. ಜಕಾತಿ ಒಳ್ಳೆಯ ತೆರಿಗೆಯಾಗಿತ್ತೆಂದು ನಾನು ಹೇಳಲಾರೆ. ಲಂಚ, ಕಾಯುವಿಕೆ, ಕಳ್ಳದಾರಿ ಎಲ್ಲ ಅದರ ಬೆನ್ನಿಗೇ ಇದ್ದವು. ಆದರೆ ಪಾಲಿಕೆಯ ದುಡ್ಡು ಪಾಲಿಕೆಯ ನಾಕಾದಲ್ಲೇ ಹುಟ್ಟುತ್ತಿತ್ತು.

2017ರ ಜುಲೈ 1ರಂದು ಜಿಎಸ್‌ಟಿ ಬಂತು, ಮುಂಬಯಿಯ ಜಕಾತಿ ನಿಂತಿತು. ಬದಲಿಗೆ ರಾಜ್ಯ ಶಾಸನಸಭೆ ಕಾಯಿದೆಯನ್ನೇ ಮಾಡಿ ಮಾತು ಕೊಟ್ಟಿತು: 2016-17ರ ಜಕಾತಿಯನ್ನು ಬುಡವಾಗಿಟ್ಟು ವರ್ಷಕ್ಕೆ ಶೇ. 8ರಂತೆ ಏರಿಸಿ ತಿಂಗಳು ತಿಂಗಳು ಕೊಡುತ್ತೇವೆ ಎಂದು. ಮೊದಲ ಚೆಕ್ಕಿನ ಮೊತ್ತ 647 ಕೋಟಿ. ಶೇ. 8ರ ಚಕ್ರಬಡ್ಡಿ ಒಂಬತ್ತು ವರ್ಷದಲ್ಲಿ ಮೂಲವನ್ನು ಎರಡು ಪಟ್ಟು ಮಾಡುತ್ತದೆ. 14,398 ಕೋಟಿ ಹುಟ್ಟಿದ್ದು ಹಾಗೆ.

ಮೇಲ್ನೋಟಕ್ಕೆ ಇದಕ್ಕಿಂತ ನಿಶ್ಚಿತವಾದ ಆದಾಯ ಇನ್ನೊಂದಿಲ್ಲ. ತೈಲದ ಬೆಲೆ ಬಿದ್ದರೂ, ವ್ಯಾಪಾರ ಕುಸಿದರೂ ಶೇ. 8 ಖಾಯಂ. ಆದರೆ ಕೊಡುವವರ ಮನೆಯನ್ನೂ ಸ್ವಲ್ಪ ಇಣುಕಿ ನೋಡಬೇಕು. ವರ್ಷಕ್ಕೆ ಶೇ. 14ರ ಏರಿಕೆಯ ಭರವಸೆಯೊಂದಿಗೆ ರಾಜ್ಯಗಳಿಗೆ ಕೇಂದ್ರ ಕೊಡುತ್ತಿದ್ದ ಜಿಎಸ್‌ಟಿ ಪರಿಹಾರ ಐದೇ ವರ್ಷದ್ದು, 2022ರ ಜೂನ್‌ಗೆ ಅದು ಮುಗಿಯಿತು. ಮಹಾರಾಷ್ಟ್ರ ಸರಕಾರದ 2025-26ರ ಬಜೆಟ್ಟಿನಲ್ಲಿ ಕಂದಾಯ ಕೊರತೆಯೇ 45,891 ಕೋಟಿ, ಹೆಂಗಸರಿಗೆ ನಗದು ಕೊಡುವ ಲಾಡಕಿ ಬಹೀಣ್ ಯೋಜನೆಯ ಕಂತು ಬೇರೆ ತಿಂಗಳು ತಿಂಗಳು ಹೋಗಬೇಕು. ಕಾಯಿದೆ ಇರುವವರೆಗೆ ಪರಿಹಾರ ಬರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಾಯಿದೆ ಮಾಡಿದ ಸಭೆಯೇ ಅದನ್ನು ತಿದ್ದಲೂಬಹುದು. ಹಬ್ಬದ ದಿನ ಮಗ ಕಳಿಸುವ ಮನಿಯಾರ್ಡರನ್ನು ನೆಚ್ಚಿ ಊರಿನ ಮನೆಗೆ ಹೊಸ ಮಾಡು ಹೊದಿಸಲು ಹೊರಟ ಹಿರಿಯರನ್ನು ನಾನು ಕಂಡಿದ್ದೇನೆ. ಮಗ ಒಳ್ಳೆಯವನೇ ಆಗಿದ್ದ. ಅವನ ಕಂಪನಿ ಮುಚ್ಚಿತು.

ಎರಡನೆಯ ಬಾಬತ್ತು, ಬಿಲ್ಡರುಗಳ ದುಡ್ಡು, ಇನ್ನೂ ಸ್ವಾರಸ್ಯದ್ದು. ಒಂದು ನಿವೇಶನದ ಮೇಲೆ ಎಷ್ಟು ಚದರ ಅಡಿ ಕಟ್ಟಬಹುದು ಎಂಬುದಕ್ಕೆ ಎಫ್‌ಎಸ್‌ಐ ಎಂಬ ಮಿತಿಯಿದೆ. ಉಪನಗರದಲ್ಲಿ ಅದರ ಬುಡ ಒಂದು, ಅಂದರೆ ನಿವೇಶನದಷ್ಟೇ ಚದರ ಅಡಿ. ಅದರ ಮೇಲೆ ಇನ್ನಷ್ಟು ಕಟ್ಟಬೇಕಿದ್ದರೆ ಸರಕಾರ ಗೊತ್ತುಮಾಡುವ ಜಮೀನಿನ ಬೆಲೆಯಾದ ರೆಡಿ ರೆಕನರ್ ದರದ ಒಂದು ಪಾಲನ್ನು ಪ್ರೀಮಿಯಂ ಎಂದು ಕಟ್ಟಬೇಕು. ಫಂಜಿಬಲ್ ಎಂಬ ಹೆಸರಿನಲ್ಲಿ ಶೇ. 35ರಷ್ಟು ಹೆಚ್ಚುವರಿ ಸಿಗುತ್ತದೆ, ಮೆಟ್ಟಿಲು-ಲಿಫ್ಟಿನ ಜಾಗಕ್ಕೂ ಲೆಕ್ಕ ಬೇರೆ. ಹೇಳಬೇಕೆಂದರೆ ಪಾಲಿಕೆ ಆಕಾಶವನ್ನು ಅಡಿ ಲೆಕ್ಕದಲ್ಲಿ ಮಾರುತ್ತದೆ. ಫ್ಲಾಟು ಖರ್ಚಾಗುತ್ತಿದ್ದರೆ ಬಿಲ್ಡರುಗಳು ಪರವಾನಗಿಗೆ ಸಾಲು ನಿಲ್ಲುತ್ತಾರೆ. ಗೃಹಸಾಲದ ಬಡ್ಡಿ ಏರಿದರೆ, ಐಟಿ ಕಂಪನಿಗಳು ನೇಮಕಾತಿ ನಿಲ್ಲಿಸಿದರೆ ಆ ಸಾಲು ಕರಗುತ್ತದೆ.

ಎಷ್ಟು ಕರಗುತ್ತದೆ ಎಂದು ತಿಳಿಯಲು ಕೋವಿಡ್ ವರ್ಷದ ಲೆಕ್ಕವನ್ನೇ ನೋಡಿದರಾಯಿತು. 2020-21ಕ್ಕೆ ಈ ಬಾಬತ್ತಿನಿಂದ 3,879 ಕೋಟಿ ಬರುತ್ತದೆಂದು ಬರೆದಿದ್ದರು. ಪರಿಷ್ಕೃತ ಅಂದಾಜಿನಲ್ಲಿ ಅದನ್ನು 1,200 ಕೋಟಿಗೆ ಇಳಿಸಬೇಕಾಯಿತು. ಆಸ್ತಿ ತೆರಿಗೆ 6,768 ಕೋಟಿಯಿಂದ 4,500ಕ್ಕೆ ಬಿತ್ತು. ಒಟ್ಟು ಕಂದಾಯದ ಅಂದಾಜಿನಿಂದ 5,876 ಕೋಟಿ ಕಳೆಯಬೇಕಾಯಿತು. ಪೆಟ್ಟು ತಿಂದ ಪಾಲಿಕೆ ಮರುವರ್ಷ ಹೆದರಿಕೆಯಿಂದ ಬರೀ 2,000 ಕೋಟಿ ಎಂದು ಬರೆದುಕೊಂಡಿತು. ಅಷ್ಟರಲ್ಲಿ ರಾಜ್ಯ ಸರಕಾರ 2021ರ ಜನವರಿಯಲ್ಲಿ ಪ್ರೀಮಿಯಂಗೆ ವರ್ಷಾಂತ್ಯದವರೆಗೆ ಶೇ. 50 ರಿಯಾಯಿತಿ ಘೋಷಿಸಿತು. ಸೇಲ್ ಹಾಕಿದ ಬಟ್ಟೆಯಂಗಡಿಗೆ ಜನ ನುಗ್ಗಿದಂತೆ ಬಿಲ್ಡರುಗಳು ನುಗ್ಗಿದರು. 2,000 ಕೋಟಿ ಎಂದು ಬರೆದಲ್ಲಿ ಪರಿಷ್ಕೃತ ಅಂದಾಜು 14,750 ಕೋಟಿ!

ಎರಡೇ ವರ್ಷ: ಒಮ್ಮೆ ಅಂದಾಜಿನ ಮೂರನೇ ಒಂದು ಭಾಗಕ್ಕೂ ಕಡಿಮೆ, ಇನ್ನೊಮ್ಮೆ ಏಳು ಪಟ್ಟು. ಅಂದಾಜು ಹಾಕಿದ ಅಧಿಕಾರಿಗಳನ್ನು ದೂರಿ ಫಲವಿಲ್ಲ, ಈ ದುಡ್ಡಿನ ಜಾಯಮಾನವೇ ಅಂಥದ್ದು. ನನ್ನ ತಕರಾರು ಇರುವುದು ಆ 14,750 ಕೋಟಿಯನ್ನು ನೋಡಿ ಖುಷಿಪಟ್ಟವರ ಮೇಲೆ. ಅದರಲ್ಲಿ ಬಹುಪಾಲು ಮುಂದಿನ ವರ್ಷಗಳಲ್ಲಿ ಪೂರ್ತಿ ದರಕ್ಕೆ ಬರಬೇಕಾದದ್ದೇ ರಿಯಾಯಿತಿ ದರದಲ್ಲಿ ಮೊದಲೇ ಬಂದದ್ದು ಎಂಬುದು ನನ್ನ ಅಭಿಪ್ರಾಯ. ಅಲ್ಲದೆ ಪ್ರೀಮಿಯಂ ಬರುವುದು ಒಂದೇ ಸಲ. ಅದರಿಂದ ಎದ್ದ ನಲವತ್ತು ಮಹಡಿಯ ಕಟ್ಟಡವೋ ದಿನಾ ಬೆಳಿಗ್ಗೆ ನೀರು ಕೇಳುತ್ತದೆ, ದಿನಾ ರಾತ್ರಿ ಕಸ ಹಾಕುತ್ತದೆ, ಕಟ್ಟಡ ಇರುವಷ್ಟು ಕಾಲ.

ಮಾವನ ಹೋಟೆಲಿನಲ್ಲಿ ಗಲ್ಲಾದ ಕೆಳಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಇದೆ. ಮುಚ್ಚಳದ ಮೇಲಿನ ಚಿತ್ರ ಅಳಿಸಿ ಬರೀ ತಗಡು ಉಳಿದಿದೆ, ಒಂದು ಮೂಲೆ ಜಜ್ಜಿದೆ. ದೋಸೆ-ಇಡ್ಲಿಯ ವ್ಯಾಪಾರ ಗಲ್ಲಾಪೆಟ್ಟಿಗೆಗೆ, ಮುಂಜಿ-ಮದುವೆ-ಗಣಪತಿಯ ಆರ್ಡರಿನ ದುಡ್ಡು ಆ ಡಬ್ಬಕ್ಕೆ. ಹುಡುಗರ ಸಂಬಳ, ಗ್ಯಾಸು, ಹಾಲು, ಬಾಡಿಗೆ ಎಲ್ಲ ಪೆಟ್ಟಿಗೆಯಿಂದಲೇ ನಡೆಯಬೇಕು. ಡಬ್ಬದ ದುಡ್ಡಿನಿಂದ ಗ್ರೈಂಡರು ತಗೊಳ್ಳಬಹುದು, ಛಾವಣಿ ರಿಪೇರಿ ಮಾಡಿಸಬಹುದು, ಸಂಬಳ ಏರಿಸಬಾರದು. "ಆರ್ಡರು ಬಂದ ವರ್ಷ ಸಂಬಳ ಏರಿಸಿದರೆ ಬಾರದ ವರ್ಷ ಇಳಿಸಲಿಕ್ಕೆ ಆಗ್ತದಾ?" ಎನ್ನುತ್ತಾರೆ. 2020ರ ಮಾರ್ಚಿನಿಂದ ಅಕ್ಟೋಬರ್ ಮೊದಲ ವಾರದವರೆಗೆ ಮುಂಬಯಿಯ ಹೋಟೆಲುಗಳಲ್ಲಿ ಕೂತು ತಿನ್ನುವಂತಿರಲಿಲ್ಲ. ಆಗ ಇಬ್ಬರು ಭಟ್ಟರಿಗೆ ತಪ್ಪದೆ ಅರ್ಧ ಸಂಬಳ ಹೋದದ್ದು ಆ ಡಬ್ಬದಿಂದ. ಹೊಸ ಶಾಖೆ ತೆರೆಯಲೆಂದು ಕೂಡಿಟ್ಟದ್ದು ಹಾಗೆ ಮುಗಿಯಿತು. ಶಾಖೆ ಇವತ್ತಿಗೂ ಆಗಿಲ್ಲ, ಅತ್ತೆ ಅದನ್ನು ಆಗಾಗ ನೆನಪಿಸುತ್ತಾರೆ.

ಪಾಲಿಕೆಗೆ ಡಬ್ಬವೇ ಇಲ್ಲವೆಂದಲ್ಲ, ದೇಶದಲ್ಲೇ ದೊಡ್ಡ ಡಬ್ಬ ಅದರದ್ದು. 2022ರ ಹೊತ್ತಿಗೆ ಬ್ಯಾಂಕುಗಳಲ್ಲಿ ಅದರ ನಿಶ್ಚಿತ ಠೇವಣಿ ಸುಮಾರು 91,700 ಕೋಟಿ ಇತ್ತು. 2025-26ರ ಬಜೆಟ್ಟಿನ ಹೊತ್ತಿಗೆ ಅದು ಸುಮಾರು 81,800 ಕೋಟಿಗೆ ಇಳಿದಿತ್ತು. ಇದೇ ಸುದ್ದಿ ಟಿವಿಯಲ್ಲಿ ಬಂದರೆ ಒಬ್ಬರು "ಪಾಲಿಕೆ ದಿವಾಳಿ" ಎಂದು ಕೂಗುತ್ತಾರೆ, ಇನ್ನೊಬ್ಬರು "ಜನರ ದುಡ್ಡು ಬ್ಯಾಂಕಿನಲ್ಲಿ ಕೊಳೆಯಬೇಕಾ" ಎನ್ನುತ್ತಾರೆ. ಇಬ್ಬರೂ ಹೇಳದ ಸಂಗತಿಯೆಂದರೆ, ಆ ಠೇವಣಿಯಲ್ಲಿ ನೌಕರರ ಭವಿಷ್ಯನಿಧಿ, ಪಿಂಚಣಿ, ಗುತ್ತಿಗೆದಾರರ ಮುಂಗಡ ಠೇವಣಿಯೂ ಸೇರಿದೆ. ಅದೆಲ್ಲ ಬೇರೆಯವರ ದುಡ್ಡು, ಪಾಲಿಕೆ ಬರೀ ಕಾವಲುಗಾರ.

ಈಗ ಖರ್ಚಿನ ಬದಿಗೆ ಬರೋಣ. 74,427 ಕೋಟಿಯಲ್ಲಿ ಸಂಬಳ, ಪಿಂಚಣಿ, ದಿನನಿತ್ಯದ ನಿರ್ವಹಣೆಗೆ ಸುಮಾರು 31,200 ಕೋಟಿ. ರಸ್ತೆ, ಸೇತುವೆ, ಸುರಂಗ, ಮಲಿನಜಲ ಘಟಕ ಮುಂತಾದ ಬಂಡವಾಳ ವೆಚ್ಚಕ್ಕೆ ಸುಮಾರು 43,160 ಕೋಟಿ. ನೂರಕ್ಕೆ ಐವತ್ತೆಂಟು ರೂಪಾಯಿ ಕಟ್ಟುವ ಕೆಲಸಕ್ಕೇ ಹೋಗುತ್ತದೆಂದರೆ ಕೇಳಲು ಸೊಗಸು. ಆದರೆ ಮೇಲಿನ ಆದಾಯದಲ್ಲಿ ದಿನನಿತ್ಯದ ಖರ್ಚು ಕಳೆದರೆ ಉಳಿಯುವುದು ಹೆಚ್ಚುಕಡಿಮೆ 12,000 ಕೋಟಿ. ಮಿಕ್ಕ 31,000 ಕೋಟಿ ಎಲ್ಲಿಂದ? ಬಹುಪಾಲು ಹೀಗೆ: ವಿಶೇಷ ನಿಧಿಗಳಿಂದ ಸುಮಾರು 12,100 ಕೋಟಿ ತೆಗೆಯುವುದು, "ಆಂತರಿಕ ತಾತ್ಕಾಲಿಕ ವರ್ಗಾವಣೆ" ಎಂಬ ಹೆಸರಿನಲ್ಲಿ ತನ್ನದೇ ಬೇರೆ ಬೇರೆ ನಿಧಿಗಳಿಂದ ಸುಮಾರು 16,700 ಕೋಟಿ ಕೈಸಾಲ ಪಡೆಯುವುದು. ಮಗಳ ಮದುವೆಗೆ ಇಟ್ಟ ಚೀಟಿ ಎತ್ತಿ ಬಾವಿ ತೋಡಿಸುವ ಹಾಗೆ. ಬಾವಿ ಬೇಕಾದದ್ದೇ, ನೀರೂ ಸಿಕ್ಕೀತು. ಆದರೆ ಮದುವೆ ಯಾವ ತಿಂಗಳು ಎಂದು ಕೇಳುವ ಹಕ್ಕು ಮನೆಯವರಿಗಿದೆ.

ಒಂದು ಮಾತು ಇಲ್ಲಿ ಪಾಲಿಕೆಯ ಪರವಾಗಿಯೂ ಹೇಳಬೇಕು. ಎಲ್ಲ ಬಂಡವಾಳ ವೆಚ್ಚವೂ ಶೋಕಿಯದ್ದಲ್ಲ. ಏಳು ಹೊಸ ಮಲಿನಜಲ ಶುದ್ಧೀಕರಣ ಘಟಕಗಳು ದಶಕಗಳ ಹಿಂದೆಯೇ ಆಗಬೇಕಿತ್ತು. ಈ ಊರಿನ ಕೊಳಚೆಯನ್ನು ಸಮುದ್ರ ಇಷ್ಟು ವರ್ಷ ಬಿಟ್ಟಿಯಾಗಿ ನುಂಗಿದೆ. ಆರ್ಥಿಕತೆ ಮಂದವಾದಾಗ ಸರಕಾರ ಖರ್ಚು ಮಾಡಿದರೆ ಕೂಲಿಯವರಿಗೆ ಕೆಲಸ ಸಿಗುತ್ತದೆ ಎಂಬ ವಾದವೂ ಹುರುಳಿಲ್ಲದ್ದಲ್ಲ. ನನ್ನ ಚಿಂತೆ ಕಾಲದ್ದು. ಈ ಕೆಲಸಗಳು ಐದು-ಆರು ವರ್ಷದವು. ಕೈಗೆತ್ತಿಕೊಂಡ ಯೋಜನೆಗಳ ಒಟ್ಟು ಹೊಣೆ ಎರಡು ಲಕ್ಷ ಕೋಟಿ ರೂಪಾಯಿ ದಾಟಿದೆ. ಸಹಿ ಬಿದ್ದ ಗುತ್ತಿಗೆಯನ್ನು ಪೇಟೆ ಬಿದ್ದಿತೆಂದು ನಿಲ್ಲಿಸಲಾಗದು, ದಂಡ ಬೀಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ: ಹಾಸಿಗೆ ವರ್ಷಕ್ಕೊಮ್ಮೆ ಗಿಡ್ಡವೂ ಉದ್ದವೂ ಆಗುತ್ತದೆ, ಚಾಚಿದ ಕಾಲು ಆರು ವರ್ಷ ಮಡಚಲು ಬಾರದು.

ಬಜೆಟ್ಟನ್ನು ಒಮ್ಮೆ ಕುಗ್ಗಿಸಿಯೂ ನೋಡಿದ್ದಾರೆ. 2016-17ರಲ್ಲಿ 37,052 ಕೋಟಿ ಇದ್ದದ್ದನ್ನು ಮರುವರ್ಷ ಆಯುಕ್ತ ಅಜೋಯ್ ಮೆಹ್ತಾ 25,141 ಕೋಟಿಗೆ ಇಳಿಸಿದರು. ವರ್ಷ ವರ್ಷ ಕಾಗದದ ಮೇಲೆ ಬರೆದು ಖರ್ಚಾಗದೆ ಉಳಿಯುತ್ತಿದ್ದ ಮೊತ್ತಗಳನ್ನು ಹೊಡೆದುಹಾಕಿ, ಖರ್ಚು ಮಾಡಲು ಸಾಧ್ಯವಾಗುವಷ್ಟನ್ನೇ ಬರೆದರು. ಅದರಿಂದ ಊರು ಮುಳುಗಲಿಲ್ಲ. ಮುಂಬಯಿ ಪಾಲಿಕೆಯ ಇತ್ತೀಚಿನ ಇತಿಹಾಸದಲ್ಲಿ ಅಂಕಿ ಸಣ್ಣದಾದದ್ದನ್ನು ಸಾಧನೆ ಎಂದು ನಾನು ಗುರುತಿಸುವುದು ಅದೊಂದನ್ನೇ. ಅಲ್ಲಿಂದ ಮತ್ತೆ ಏರುತ್ತ ಹೋಗಿ 2020-21ರಲ್ಲಿ 33,441 ಕೋಟಿ, ಅದಾಗಿ ಐದು ವರ್ಷಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು.

ಇನ್ನು ಆಸ್ತಿ ತೆರಿಗೆ. ಅನಿಶ್ಚಿತ ಕಾಲಕ್ಕೆ ಹೇಳಿಮಾಡಿಸಿದ ಆದಾಯ ಇದು. ಷೇರುಪೇಟೆ ಬಿದ್ದರೂ ಮನೆ ಓಡಿಹೋಗುವುದಿಲ್ಲ. 2010ರಿಂದ ಇಲ್ಲಿ ಆಸ್ತಿಯ ಬೆಲೆ ನೋಡಿ ತೆರಿಗೆ ಹಾಕುವ ಬಂಡವಾಳ ಮೌಲ್ಯದ ಪದ್ಧತಿ ಇದೆ, ಐದು ವರ್ಷಕ್ಕೊಮ್ಮೆ ದರ ಪರಿಷ್ಕರಿಸಬೇಕು. 2020ರ ಸರದಿ ಕೋವಿಡ್ ಎಂದು ಮುಂದೆ ಹೋಯಿತು, ಅದು ಸರಿಯೇ. ಆದರೆ ಕೋವಿಡ್ ಹೋದ ಮೇಲೂ ವರ್ಷ ವರ್ಷ ಮುಂದೆ ಹೋಗುತ್ತಲೇ ಇತ್ತು. 2022ರ ಜನವರಿ 1ರಂದು 500 ಚದರ ಅಡಿಗಿಂತ ಸಣ್ಣ ಮನೆಗಳಿಗೆ ತೆರಿಗೆ ಪೂರ್ತಿ ಮನ್ನಾ ಎಂದು ಘೋಷಣೆಯಾಯಿತು. ಸುಮಾರು 16 ಲಕ್ಷ ಮನೆಗಳು ಅದರಡಿ ಬಂದವು. ನನ್ನದೂ ಅದರಲ್ಲೊಂದು, ಪಾಲಿಕೆಯ ಗಡಿಯಾಚೆ ಡೊಂಬಿವಲಿಯಲ್ಲಿರುವ ಭಾವನಿಗೆ ಇದನ್ನು ಹೇಳಿ ಹೊಟ್ಟೆ ಉರಿಸಿದ್ದೂ ಉಂಟು. ಆದರೂ ಲೆಕ್ಕ ಬಲ್ಲವನಾಗಿ ಹೇಳುತ್ತೇನೆ, ವರ್ಷಕ್ಕೆ ಒಂದು ಸಣ್ಣ ಮೊತ್ತವನ್ನಾದರೂ ನನ್ನಿಂದ ವಸೂಲಿ ಮಾಡಬೇಕಿತ್ತು. ರಸೀದಿ ಕೈಯಲ್ಲಿದ್ದವನ ದನಿಗೆ ವಾರ್ಡ್ ಆಫೀಸಿನಲ್ಲಿ ಬೇರೆಯೇ ತೂಕ.

ನೇರ ತೆರಿಗೆ ಕೇಳಲು ಹಿಂಜರಿಯುವ ಪಾಲಿಕೆ ಅಡ್ಡದಾರಿ ಹುಡುಕುತ್ತದೆ. 2025-26ರ ಬಜೆಟ್ಟಿನಲ್ಲಿ ಝೋಪಡಪಟ್ಟಿಗಳ ಅಂಗಡಿ-ಗೋದಾಮುಗಳಿಂದ ತೆರಿಗೆ ಎತ್ತುವ ಪ್ರಸ್ತಾವ ಬಂತು. ಸುಮಾರು 50,000 ಮಳಿಗೆಗಳಿಂದ 350 ಕೋಟಿ ಎಂದು ಅಂದಾಜು. ಅದೇ ವರ್ಷದ ಏಪ್ರಿಲಿನಲ್ಲಿ ಮನೆಮನೆಯ ಕಸಕ್ಕೆ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುವ ಶುಲ್ಕದ ಕರಡು ಬಂತು. ಎರಡಕ್ಕೂ ಗಲಾಟೆಯಾಯಿತು. ಎರಡೂ ಸೇರಿದರೂ ಪರಿಹಾರದ 14,398 ಕೋಟಿಯ ಮುಂದೆ ಚಟ್ನಿಗೆ ಹಾಕುವ ಉಪ್ಪಿನಷ್ಟು.

ಇಷ್ಟೆಲ್ಲ ಲೆಕ್ಕವನ್ನು ಕೂತು ಕೇಳಬೇಕಾದವರು ಯಾರು? 1888ರ ಕಾಯಿದೆಯ ಪ್ರಕಾರ ಆಯುಕ್ತರು ಫೆಬ್ರವರಿ 5ರೊಳಗೆ ಅಂದಾಜನ್ನು ಸ್ಥಾಯಿ ಸಮಿತಿಯ ಮುಂದಿಡಬೇಕು. ಸಮಿತಿ ಅದನ್ನು ಅಗೆದು ಜಗಿದು ಮಹಾಸಭೆಗೆ ಕಳಿಸಬೇಕು. 2022ರ ಮಾರ್ಚ್ 7ಕ್ಕೆ ನಗರಸೇವಕರ, ಅಂದರೆ ಕಾರ್ಪೊರೇಟರುಗಳ, ಅವಧಿ ಮುಗಿಯಿತು, ಚುನಾವಣೆ ನಡೆದದ್ದು 2026ರ ಜನವರಿ 15ಕ್ಕೆ. ನಡುವೆ ಬಂದ ಮೂರು ಬಜೆಟ್ಟುಗಳನ್ನು ಆಯುಕ್ತರ ಆಡಳಿತವೇ ಬರೆಯಿತು, ಆಡಳಿತಗಾರರೆಂಬ ಇನ್ನೊಂದು ಟೋಪಿ ಹಾಕಿಕೊಂಡ ಆಯುಕ್ತರೇ ಒಪ್ಪಿದರು. 2025ರಲ್ಲಿ ಅಪರ ಆಯುಕ್ತರು ಅದನ್ನು ಆಯುಕ್ತ ಭೂಷಣ್ ಗಗರಾಣಿಯವರ ಕೈಗಿತ್ತ ಫೋಟೋ ಎಲ್ಲ ಪೇಪರಿನಲ್ಲೂ ಬಂದಿತ್ತು. ಗಗರಾಣಿಯವರ ಪ್ರಾಮಾಣಿಕತೆಯ ಬಗ್ಗೆ ನನಗೇನೂ ಹೇಳಲಿಕ್ಕಿಲ್ಲ. ಆದರೆ ಬಿಲ್ಲು ಬರೆದವನೇ ಬಿಲ್ಲು ಪಾಸು ಮಾಡುವ ಹೋಟೆಲಿಗೆ ನಾನು ಆಡಿಟ್ ಸಹಿ ಹಾಕುವುದಿಲ್ಲ.

ಈಗ ನಗರಸೇವಕರು ಬಂದಿದ್ದಾರೆ. ಅವರು ತಮ್ಮ ವಾರ್ಡಿಗೆ ಎಷ್ಟು ಸಿಕ್ಕಿತೆಂದು ಕೇಳುತ್ತಾರೆ, ಕೇಳಬೇಕಾದ್ದೇ. ಅದರ ಜೊತೆಗೆ ಪರಿಷ್ಕೃತ ಅಂದಾಜಿನ ಕಾಲಂ ಮೇಲೂ ಕಣ್ಣಿಡಬೇಕು: ಹೋದ ವರ್ಷ ಬರೆದದ್ದೆಷ್ಟು, ಬಂದದ್ದೆಷ್ಟು ಎಂಬುದು ಅಲ್ಲಿ ಪಕ್ಕಪಕ್ಕದಲ್ಲೇ ಇರುತ್ತದೆ. ಪ್ರೀಮಿಯಂ ಅಂದಾಜಿಗಿಂತ ಕಡಿಮೆ ಬಂದರೆ ಯಾವ ಕೆಲಸ ಮೊದಲು ನಿಲ್ಲುತ್ತದೆ ಎಂಬ ಪಟ್ಟಿಯನ್ನು ಬಜೆಟ್ಟಿನ ದಿನವೇ ಕೊಡಿ ಎಂದು ಪಟ್ಟುಹಿಡಿಯಬೇಕು. ಆ ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಸಹಿ ಬಿದ್ದ ಸುರಂಗ ನಿಲ್ಲುವುದಿಲ್ಲ. ಸಹಿ ಇಲ್ಲದ ಸಣ್ಣ ಬಾಬತ್ತುಗಳು, ಅಂದರೆ ಫುಟ್‌ಪಾತು, ಶೌಚಾಲಯ, ನಾನು ಕಲಿತಂಥ ಪಾಲಿಕೆಯ ಕನ್ನಡ ಶಾಲೆಯ ಸೋರುವ ಕೋಣೆ, ಇವು ಸದ್ದಿಲ್ಲದೆ ಮುಂದಿನ ವರ್ಷಕ್ಕೆ ಜಾರುತ್ತವೆ.

ಪಾಲಿಕೆಯದೇ ಸಾರಿಗೆ ಸಂಸ್ಥೆಯಾದ ಬೆಸ್ಟ್‌ನ ಬಸ್ಸನ್ನೇ ನೋಡಿ. 2019ರ ಜುಲೈಯಲ್ಲಿ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿದ್ದರು, ನಷ್ಟವನ್ನು ಪಾಲಿಕೆ ತುಂಬಿಕೊಡುತ್ತದೆ ಎಂಬ ನೆಚ್ಚಿಗೆಯಲ್ಲಿ. 2025-26ರಲ್ಲಿ ಬೆಸ್ಟ್‌ಗೆ ಬರೆದದ್ದು 1,000 ಕೋಟಿ. ಕೇಳಿದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಅದೇ ಮೇ ತಿಂಗಳಲ್ಲಿ ಕನಿಷ್ಠ ದರ 10 ರೂಪಾಯಿ ಆಯಿತು.

ಮಾವನ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹುಡುಗನೊಬ್ಬ ಅಸಲ್ಫಾದಿಂದ ಬರುತ್ತಾನೆ. ಮೊದಲು ಹೋಗಿ ಬರಲು 10 ರೂಪಾಯಿ ಸಾಕಿತ್ತು, ಈಗ 20. ತಿಂಗಳಿಗೆ 260 ರೂಪಾಯಿ ಹೆಚ್ಚಾಯಿತೆಂದು ಅವನೇ ಲೆಕ್ಕ ಹಾಕಿ ಹೇಳಿದ, ವಾರದ ರಜೆ ಕಳೆದು. ಬರುವಾಗ ಬಸ್ಸು, ಹೋಗುವಾಗ ನಡಿಗೆ ಎಂದು ತೀರ್ಮಾನಿಸಿದ್ದಾನೆ. ಮಾವ ಡಬ್ಬದ ಕಡೆ ಒಮ್ಮೆ ನೋಡಿದರು. ಆಮೇಲೆ ಪೆಟ್ಟಿಗೆಯ ಲೆಕ್ಕಪುಸ್ತಕ ತೆಗೆದು ಅವನ ಹೆಸರಿನ ಮುಂದೆ ಏನೋ ಬರೆದುಕೊಂಡರು.